ನಾವಿರುವ ಖಾಲಿ ಮನೆಯ ವಿಚಾರವಾಗಿ

ನಮ್ಮೂರ ಪುರಸಭೆಯ ಗಣಕಯಂತ್ರದ ಸನ್ನಿಧಾನಕ್ಕೆ,

ಮಾನ್ಯರೇ,

ಕಚೇರಿಯಲ್ಲಿ ತಮಗೊಬ್ಬರಿಗೇ ಏಸಿ ಕೋಣೆ ಇರುವುದರಿಂದ ತಾವು ಕ್ಷೇಮವೆಂದು ನಂಬಿ, ಪೇಟೆ ಓಣಿಯ ಕೆಳಮನೆಯ ಸೊಸೆ ಮಹಾನಂದಾ ಮಾಡಿಕೊಳ್ಳುವ ವಿನಂತಿ. ನಮಗೊಂದು ನಳ ಬೇಕು. ಅರ್ಜಿ ಕೊಟ್ಟರೆ, ಸದರಿ ಮನೆ ಖಾಲಿ ಇದ್ದು ಅಲ್ಲಿ ಯಾರೂ ವಾಸವಿಲ್ಲವೆಂದು ತಾವು ಹಿಂಬರಹ ಕೊಟ್ಟಿದ್ದೀರಿ. ಅದನ್ನು ಮನೆಯ ಐದೂ ಜನ ಕೂತು ಓದಿದೆವು.

ತಪ್ಪು ತಮ್ಮದಲ್ಲ. ನಮ್ಮೂರು ಆಡಿದ್ದು ಕನ್ನಡ, ಬರೆಸಿಕೊಂಡಿದ್ದು ಮರಾಠಿ. ಸಂಸ್ಥಾನದ ಕಾಲದಲ್ಲಿ ಅಣ್ಣತಮ್ಮಂದಿರಿಬ್ಬರು ಈ ಮನೆ ಪಾಲು ಮಾಡಿಕೊಂಡಾಗ ಕಾರಕೂನರು 'ವರ ಸಿದ್ಧಾರೂಢ, ಖಾಲಿ ಮಡಿವಾಳೆಪ್ಪ' ಎಂದು ಮರಾಠಿಯಲ್ಲಿ ಬರೆದರು. ಮೇಲೆ ಅಣ್ಣ, ಕೆಳಗೆ ತಮ್ಮ ಎಂದು ಅದರ ಅರ್ಥ. ಮುಂಬಯಿ ಸರಕಾರ ಅದನ್ನು ಮುಟ್ಟಲಿಲ್ಲ, ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಅಕ್ಷರ ಮಾತ್ರ ಕನ್ನಡವಾಯಿತು. ಇಷ್ಟು ಸರಕಾರಗಳಿಂದ ಆಗದ ಕೆಲಸವನ್ನು ತಾವು ಒಂದೇ ಗುಂಡಿ ಒತ್ತಿಸಿಕೊಂಡು ಮುಗಿಸಿದ್ದೀರಿ: ಎಲ್ಲವನ್ನೂ ಅಪ್ಪಟ ಕನ್ನಡವೆಂದೇ ಓದಿದ್ದೀರಿ. ಹೀಗಾಗಿ ಮಡಿವಾಳೆಪ್ಪಜ್ಜನ ವಂಶವೇ ಖಾಲಿಯಾಗಿ, ಎಂದೋ ತೀರಿಹೋದ ದೊಡ್ಡಜ್ಜ ಸಿದ್ಧಾರೂಢ ಬಾಸಿಂಗ ಕಟ್ಟಿಕೊಂಡು ವರನಾಗಿದ್ದಾರೆ. ಈ ಭಾಷಾಭಿಮಾನಕ್ಕೆ ರಾಜ್ಯೋತ್ಸವದ ದಿನ ತಮಗೊಂದು ಶಾಲು ಹೊದಿಸಬೇಕು. ಬಿಸಿಯಾಗಿ ಕೆಟ್ಟೀರೆಂದು ಸುಮ್ಮನಿದ್ದೇವೆ.

ವರನ ಮನೆಗೆ ನಳ ಮಂಜೂರಾಗಿದೆ. ಅದರ ಪೈಪು ನಮ್ಮ ಅಡುಗೆಮನೆಯ ಗೋಡೆ ಹಿಡಿದೇ ಮೇಲೇರುತ್ತದೆ. ನಾನು ಶಾಲೆಗೆ ಪಾಠ ಮಾಡಲು ಹೋದ ಹೊತ್ತಿನಲ್ಲೇ ನೀರು ಬರುವುದರಿಂದ, ಮೊಣಕಾಲು ನೋವಿನ ನಮ್ಮತ್ತೆ ರಾಚವ್ವ ಕೊಡ ಹಿಡಿದು ಮೆಟ್ಟಿಲೇರಿ, ನಮ್ಮ ಗೋಡೆಯ ಮೇಲೆ ಹಾದುಹೋದ ನೀರನ್ನೇ ಮತ್ತೆ ಕೆಳಗೆ ಹೊತ್ತು ತರುತ್ತಾರೆ.

ಆದ್ದರಿಂದ 'ಖಾಲಿ' ಇದ್ದಲ್ಲಿ 'ಕೆಳಗೆ' ಎಂದು ತಿದ್ದಬೇಕು. ಅದು ತಮ್ಮ ಘನತೆಗೆ ಕುಂದೆನಿಸಿದರೆ, ನಮಗೆ ಬಾಯಾರಿಕೆಯಾಗುವುದಿಲ್ಲವೆಂದು ಒಂದು ಪ್ರಮಾಣಪತ್ರವನ್ನಾದರೂ ದಯಪಾಲಿಸಬೇಕು. ಹಾಗೆಯೇ ದೊಡ್ಡಜ್ಜನ ವರಪದವಿಯನ್ನು, ಹೆಣ್ಣು ಸಿಗದೆ ಸವದತ್ತಿ, ಮುರಗೋಡವೆಲ್ಲ ತಿರುಗಿ ಬಂದಿರುವ ಮೇಲ್ಮನೆಯ ಮೊಮ್ಮಗ ನಿಂಗರಾಜನ ಹೆಸರಿಗೆ ವರ್ಗಾಯಿಸಿ, ವಧುವನ್ನೂ ತಾವೇ ಮಂಜೂರು ಮಾಡಬೇಕು.

ಇತಿ,
ತಮ್ಮ ಲೆಕ್ಕಕ್ಕೆ ಸಿಗದ ವಿಶ್ವಾಸಿ,
ಮಹಾನಂದಾ

ತಾ.ಕ.: ಮನೆ ನಿಜವಾಗಿಯೂ ಖಾಲಿ ಇದೆಯೇ ಎಂದು ನೋಡಲು ನಿನ್ನೆ ಮಟಮಟ ಮಧ್ಯಾಹ್ನ ಬಂದ ತಮ್ಮ ಸಿಬ್ಬಂದಿ, ಬೆವರು ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತು, "ಯವ್ವಾ, ಒಂದ್ ತಂಬಗಿ ನೀರ್ ಕೊಡ್ರಿ" ಎಂದರು. ಅತ್ತೆ ಕೂತಲ್ಲಿಂದಲೇ ಹೇಳಿದರು: "ಮನ್ಯಾಗ ಯಾರೂ ಇಲ್ರಿ. ನೀವ ಬರದ್ ಕೊಟ್ಟೀರಲ್ಲ."