ಒಂಬತ್ತು ಕಾಮಾಗಳ ಅರ್ಜಿ

ದಾಖಲೆ ವಿಭಾಗದ ಗುಮಾಸ್ತನ ವರ್ಗಾವಣೆ ಅರ್ಜಿ ಎರಡನೇ ಸಲವೂ ವಾಪಸ್ಸು ಬಂತು. ಮೂಲೆಯಲ್ಲಿ ಸಾಹೇಬರು ಗೀಚಿದ್ದರು: 'ಒಂದೂವರೆ ಪುಟಕ್ಕೆ ಒಂದೇ ವಾಕ್ಯ. ಕಾಮಾ ಇಲ್ಲ. ಅರ್ಥವಾಗಲಿಲ್ಲ.'

ಕೊನೆಯ ದಿನ ಇವತ್ತೇ. ಸಂಜೆ ಐದರೊಳಗೆ ಕೊಡದಿದ್ದರೆ ಇನ್ನೊಂದು ವರ್ಷ ಕಾಯಬೇಕು. ಹೆಂಡತಿ, ಮಗಳು ಇರುವುದು ಬಸ್ಸಿನಲ್ಲಿ ಏಳು ಗಂಟೆ ದೂರದ ಊರಲ್ಲಿ. ಹೋದ ಸಲ ಬಾಗಿಲು ತೆರೆದ ಮಗಳು, "ಅಮ್ಮಾ, ಯಾರೋ ಮಾಮ ಬಂದಿದಾರೆ" ಎಂದಿದ್ದಳು. ಆ ಮಾತು ಅವನಿಗೆ ಇನ್ನೂ ಚುಚ್ಚುತ್ತಿತ್ತು.

ಆ ಕಚೇರಿಯಲ್ಲಿ ಒಂದು ನಿಯಮವಿತ್ತು. ಸ್ವಂತದ ಅರ್ಜಿಯನ್ನು ಇಂಗ್ಲಿಷಿನಲ್ಲಿ ತಾನೇ ಬರೆದು, 'ಯಾರ ಸಹಾಯವನ್ನೂ ಪಡೆದಿಲ್ಲ' ಎಂದು ರುಜು ಹಾಕಬೇಕು. ಸುಳ್ಳೆಂದು ಗೊತ್ತಾದರೆ ಕೆಲಸಕ್ಕೇ ಸಂಚಕಾರ. ಆದ್ದರಿಂದ ಎಲ್ಲರೂ ಎಲ್ಲರಿಗೂ ಗುಟ್ಟಾಗಿಯೇ ಸಹಾಯ ಮಾಡುತ್ತಿದ್ದರು.

"ಕಾಮಾ ತಾನೇ? ಓದುವಾಗ ಎಲ್ಲಿ ಉಸಿರು ತಗೋತೀಯೋ ಅಲ್ಲೊಂದು ಕುಕ್ಕು" ಎಂದ ಟಪಾಲಿನವನು. ಗುಮಾಸ್ತನಿಗೆ ಮೂರು ದಿನದಿಂದ ನೆಗಡಿ. ಎರಡು ಪದಕ್ಕೊಂದು ಉಸಿರು, ಉಸಿರಿಗೊಂದು ಕಾಮಾ. ಪುಟವೆಲ್ಲ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗಾಯಿತು.

"ಏನಯ್ಯಾ ಇದು, ಓದೋಕೆ ಹೋದ್ರೆ ಬಿಕ್ಕಳಿಕೆ ಬರುತ್ತೆ!" ಎಂದು ಉಗ್ರಾಣದವನು ಕಿತ್ತುಕೊಂಡ. "ಸಾಲಿಗೊಂದು ಸಾಕು. ಎಲ್ಲಾ ಒಂದೇ ನೇರಕ್ಕಿರ್ಲಿ, ನೋಡೋಕೂ ಲಕ್ಷಣ." ಸ್ಕೇಲಿಟ್ಟು ತಾನೇ ಹಾಕಿಯೂ ಕೊಟ್ಟ. ಆಗ ಗಂಟೆ ಮೂರೂಕಾಲು.

ಗುಮಾಸ್ತ ಅಳುಮೋರೆ ಹೊತ್ತು ಟೈಪಿಸ್ಟ್ ಅಕ್ಕನ ಮೇಜಿಗೆ ಹೋದ. ಮೂವತ್ತೈದು ವರ್ಷದಿಂದ ಕಚೇರಿಯ ಒಂದು ಪತ್ರವೂ ಆಕೆಯ ಕಣ್ಣು ತಪ್ಪಿಸಿ ಹೊರಗೆ ಹೋದದ್ದಿಲ್ಲ.

ಅಕ್ಕ ಪೆನ್ಸಿಲ್ ಕಾಮಾಗಳನ್ನೆಲ್ಲ ಉಜ್ಜಿ ಅಳಿಸಿದರು. "ತಮ್ಮಾ, ಕಾಮಾ ಉಸಿರಿಗಲ್ಲ, ಅರ್ಥಕ್ಕೆ. ನಿನಗೇನು ಬೇಕು, ಅದನ್ನ ಹೇಳು."

"ಹೆಂಡ್ತಿ, ಮಗಳ ಹತ್ರ ಹೋಗ್ಬೇಕಕ್ಕಾ."

"ಮತ್ತೆ ಅದನ್ನೇ ಬರಿ. ಮಿಕ್ಕಿದ್ದು ಅದರ ಹಿಂದೆ ಸಾಲಾಗಿ ನಿಲ್ಲಲಿ."

ಒಂದು ವಾಕ್ಯವನ್ನು ಮೊದಲು ಆರು ಮಾಡಿದರು. 'ಏಳು ವರ್ಷ ಸೇವೆ ಸಲ್ಲಿಸಿದ ಮೇಲೆ' ಎಂಬ ಪೀಠಿಕೆ ಮುಗಿದಲ್ಲಿ ಒಂದು ಕಾಮಾ. ಮಗಳ ವಯಸ್ಸನ್ನು ನಡುವೆ ತುರುಕಿದ್ದ ಕಡೆ ಆಚೆಗೊಂದು, ಈಚೆಗೊಂದು. "ಈ ಎರಡರ ನಡುವಿಂದನ್ನ ಎತ್ತಿಟ್ರೂ ವಾಕ್ಯ ನಿಲ್ಲಬೇಕು, ನೋಡು."

ಗುಮಾಸ್ತ ಹೆಬ್ಬೆರಳಿನಿಂದ ಮುಚ್ಚಿ ನೋಡಿದ. ನಿಂತಿತು! ಒಟ್ಟು ಒಂಬತ್ತೇ ಕಾಮಾ. ಒಂದನ್ನೂ ಕದಲಿಸುವ ಹಾಗಿರಲಿಲ್ಲ. ತನ್ನ ಸಂಕಟವೇ ತಲೆ ಬಾಚಿಕೊಂಡು ಎದುರಿಗೆ ನಿಂತಂತೆ ಅವನಿಗೆ ಕಂಡಿತು. ಎಂಥ ಕೈ ಇದು, ಮೂವತ್ತೈದು ವರ್ಷ ಈ ಮೂಲೆಯಲ್ಲಿ ಕೂತು ಯಾರಿಗೂ ಕಾಣದ ಹಾಗೆ ಎಷ್ಟು ಜನರ ಮಾತನ್ನು ನೆಟ್ಟಗೆ ಮಾಡಿದೆಯೋ ಎಂದುಕೊಂಡಾಗ ಕಣ್ಣು ತೇವವಾಯಿತು. ಕೈಮುಗಿದು, ನಕಲು ಮಾಡಿ, ರುಜು ಹಾಕಿ, ಐದಕ್ಕೆ ಹತ್ತು ನಿಮಿಷ ಇರುವಾಗ ಅರ್ಜಿ ಒಳಗೆ ಕೊಟ್ಟ.

ಐದು ನಿಮಿಷಕ್ಕೆ ಕರೆ ಬಂತು. ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು.

"ಇವತ್ತು ಪೂರ್ತಿ ಅರ್ಥ ಆಯ್ತು ಕಣ್ರೀ. ಮನಸ್ಸು ಕರಗಿಹೋಯ್ತು."

"ಹಾಗಾದ್ರೆ ವರ್ಗ ಸಾರ್...?"

"ಟೈಪಿಸ್ಟ್ ಮೇಡಂ ಈ ತಿಂಗಳಿಗೆ ನಿವೃತ್ತಿ. ಆ ಜಾಗಕ್ಕೆ ಯಾರಪ್ಪಾ ಅಂತ ತಲೆ ಕೆಡಿಸ್ಕೊಂಡಿದ್ದೆ. ಇಷ್ಟು ಚೆನ್ನಾಗಿ ಬರೆಯೋರನ್ನ ಪಕ್ಕದಲ್ಲೇ ಇಟ್ಕೊಂಡು! ನಿಮ್ಮನ್ನ ಬಿಟ್ಟುಕೊಡೋಕೆ ನನಗೇನು ಹುಚ್ಚಾ?"

ನಿಜ ಹೇಳಿಬಿಡೋಣವೆಂದು ಗುಮಾಸ್ತ ಬಾಯಿ ತೆರೆದ. ಅರ್ಜಿಯ ಕೆಳಗೆ ತಾನೇ ಹಾಕಿದ ರುಜು ಕಣ್ಣಿಗೆ ಬಿತ್ತು. ಬಾಯಿ ತಾನಾಗಿಯೇ ಮುಚ್ಚಿಕೊಂಡಿತು.

ಸಾಹೇಬರು ಪ್ರೀತಿಯಿಂದ ಒಂದು ಖಾಲಿ ಹಾಳೆಯನ್ನು ಅವನತ್ತ ಸರಿಸಿದರು.

"ಮೇಡಂ ಇವತ್ತು ಬೇಗ ಮನೆಗೆ ಹೋದ್ರು. ನಿಮ್ಮ ಅರ್ಜಿ ನಾಮಂಜೂರು ಅಂತ ಒಂದು ಪತ್ರ ಹೋಗ್ಬೇಕು. ಅದನ್ನೂ ನೀವೇ ಬರೆದುಬಿಡಿ. ಹೀಗೇ ಮನಸ್ಸು ಕರಗೋ ಹಾಗಿರ್ಲಿ."