ದಿಂಬಿನೊಳಗಿನ ನಾಲ್ಕುನೂರ ಹದಿನೇಳು

ಅತ್ತೆಗೆ ನಿದ್ದೆ ಬಂದದ್ದೇ ಎಲ್ಲ ಅನಾಹುತಕ್ಕೂ ಮೂಲ. ಮೂರು ತಿಂಗಳಿಂದ ಆಕೆ ರಾತ್ರಿಯಿಡೀ ಮಗ್ಗುಲು ಬದಲಿಸುತ್ತ, ಗಡಿಯಾರ ಎಷ್ಟು ಸಲ ಹೊಡೆಯಿತೆಂದು ಬೆಳಗ್ಗೆ ಅಳಿಯನಿಗೆ ವರದಿ ಒಪ್ಪಿಸುತ್ತಿದ್ದರು. ಆ ದಿನ ಮಾತ್ರ ಏಳೂವರೆಗೆ ಅರಳಿದ ಮುಖ ಹೊತ್ತು ಕೋಣೆಯಿಂದ ಹೊರಗೆ ಬಂದರು.

“ಏನ್ ನಿದ್ದೆ ಅಂತೀರಿ ಅಳಿಯಂದ್ರೇ! ಮಲಗಿದ್ದು ಗೊತ್ತು, ಎದ್ದಿದ್ದು ಗೊತ್ತು. ಮಧ್ಯ ಏನಾಯ್ತೋ ಒಂದೂ ಗೊತ್ತಿಲ್ಲ.”

“ಒಳ್ಳೇದಾಯ್ತು ಬಿಡಿ ಅತ್ತೆ” ಎನ್ನುತ್ತ ಲೆನ್ಸಪ್ಪ ಫ್ರಿಜ್ಜಿನ ಬಾಗಿಲು ತೆಗೆದ. ತೆಗೆದವನು ಹಾಗೇ ನಿಂತ. ಕೆಳಗಿನ ಖಾನೆಯಲ್ಲಿ ಬೆಳ್ಳಿಬಣ್ಣದ ಚೀಲವೇನೋ ಇತ್ತು. ಆದರೆ ಅದರ ಹೊಟ್ಟೆ ಬೆನ್ನಿಗೆ ಅಂಟಿಕೊಂಡಿತ್ತು.

“ಅತ್ತೆ, ಇದರಲ್ಲಿ ಹೂವಿತ್ತಲ್ಲ?”

“ಅದನ್ನೇ ನಾನು ಹೇಳ್ತಿರೋದು! ಕೆಳಗಿನ ಮನೆ ನರ್ಸಮ್ಮ ಬಂದಾಗ ಆ ಚೀಲ ನೋಡಿದ್ರು. ಈ ಹೂವು ತುಂಬಿದ ದಿಂಬಿನ ಮೇಲೆ ಮಲಗಿದ್ರೆ ಎಂಥೋರಿಗೂ ನಿದ್ದೆ ಬರುತ್ತಂತೆ. ನಿನ್ನೆ ನೀವು ಅಂಗಡಿಗೆ ಹೋದಮೇಲೆ ಕೂತು ನಾಲ್ಕು ದಿಂಬು ಹೊಲಿದೆ. ಒಂದು ನನಗೆ, ಒಂದು ನರ್ಸಮ್ಮನಿಗೆ, ಒಂದು ಮೇಲಿನ ಮನೆ ಬ್ಯಾಂಡ್ ಮಾಸ್ತರಿಗೆ. ದೊಡ್ಡದು ನನ್ನ ಮಗನಿಗೆ. ಪಾಪ, ಅಂಗಡೀಲಿ ಎಷ್ಟು ದಣೀತಾನೆ.”

ಲೆನ್ಸಪ್ಪ ಫ್ರಿಜ್ಜಿನ ಬಾಗಿಲು ಮುಚ್ಚುವುದನ್ನೂ ಮರೆತು ಅಲ್ಲೇ ಕುಕ್ಕರಿಸಿದ.

ಆ ಹೂವಿನ ಕತೆ ಹೇಳದಿದ್ದರೆ ಅವನ ಸಂಕಟ ಅರ್ಥವಾಗುವುದಿಲ್ಲ. ಬಳ್ಳಿಯಲ್ಲಿ ಬಿಡುವ, ಹಸಿರು ಗೊಂಚಲಿನಂಥ ಈ ಹೂವಿಗೆ ಹಾಪ್ಸ್ ಎನ್ನುತ್ತಾರೆ. ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವುದು ಇದೇ. ಇದರಲ್ಲಿ ಹತ್ತಾರು ತಳಿಗಳಿವೆ. ಹೊಸದಾಗಿ ಬೆಳೆಸಿದ ತಳಿಗೆ ಹೆಸರಿಡುವ ತನಕ ಬರಿಯ ನಂಬರು. ಲೆನ್ಸಪ್ಪ ಮನಸೋತಿದ್ದು ನಾಲ್ಕುನೂರ ಹದಿನೇಳಕ್ಕೆ. ಯಾವುದೋ ಮೇಳದಲ್ಲಿ ಅದರ ಬಿಯರನ್ನು ಒಂದೇ ಒಂದು ಲೋಟ ಕುಡಿದಿದ್ದ. ಮೊದಲು ಮೂಗಿಗೆ ಕಳಿತ ಸೀಬೆಹಣ್ಣು, ಆಮೇಲೆ ನಾಲಿಗೆಗೆ ಕಿತ್ತಳೆಯ ಸಿಪ್ಪೆ, ಕೊನೆಗೆ ಗಂಟಲಲ್ಲೊಂದು ಕಹಿ. ಹಾಗಲಕಾಯಿಯ ಹಾಗೆ ಜಗಳಕ್ಕೆ ನಿಲ್ಲುವ ಕಹಿಯಲ್ಲ. ಇನ್ನೊಂದು ಗುಟುಕು ಎಂದು ಕೈಹಿಡಿದು ಕೂರಿಸುವ ಕಹಿ. ಅಂದಿನಿಂದ ಮದುವೆಯಾದ ಹೊಸದರಲ್ಲಿ ಹೆಂಡತಿಗೂ ಬರೆಯದಷ್ಟು ಕಾಗದಗಳನ್ನು ಆ ಹೂವಿನ ಬೆಳೆಗಾರನಿಗೆ ಬರೆದ. ಎಂಟು ತಿಂಗಳ ಮೇಲೆ ಚೀಲ ಬಂತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುವುದು ಸುಳ್ಳಲ್ಲ. ಅತ್ತೆಯ ಸೂಜಿಗೆ ಒಂದು ಮಧ್ಯಾಹ್ನ ಸಾಕಾಯಿತು.

ಅಷ್ಟಕ್ಕೇ ಮುಗಿದಿದ್ದರೆ ಹಣೆಬರಹ ಎಂದು ಸುಮ್ಮನಾಗಬಹುದಿತ್ತು. ಆದರೆ ಅಂದು ಸಂಜೆ ನಾಲ್ಕಕ್ಕೆ ಹೊಳೆದಂಡೆಯಲ್ಲಿ ಬಿಯರ್ ತಯಾರಿಸುವ ಪುಟ್ಟ ಬ್ರೂವರಿಯಲ್ಲಿ, ಮನೆಯಲ್ಲೇ ಕ್ರಾಫ್ಟ್ ಬಿಯರ್ ಮಾಡುವವರ ಸ್ಪರ್ಧೆ. ಒಬ್ಬರಿಗೆ ಒಂದೇ ತಳಿಯ ಹಾಪ್ಸ್. ತೀರ್ಪುಗಾರರ ಎದುರಿಗೇ ಗಾಜಿನ ಜಾಡಿಯಲ್ಲಿ ಹೂವು ತುಂಬಿ, ಅದರ ಮೂಲಕ ಬಿಯರ್ ಹಾಯಿಸಿ ಕೊಡಬೇಕು. ಗೆದ್ದವನಿಗೆ ಕಪ್ ಇಲ್ಲ, ಹಾರ ಇಲ್ಲ. ಬ್ರೂವರಿಯಲ್ಲಿ ಕೆಲಸ!

ಲೆನ್ಸಪ್ಪನಿಗೆ ಆ ಕೆಲಸ ಬೇಕೇ ಬೇಕಿತ್ತು. ಒಂಬತ್ತು ವರ್ಷಗಳಿಂದ ಅವನು ಹೆಂಡತಿಯ ಅಣ್ಣನ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದ. ಕಟ್ಟಡದವರೆಲ್ಲ ಲೆನ್ಸಪ್ಪ ಎಂದು ಕರೆದೂ ಕರೆದೂ ಅವನ ನಿಜವಾದ ಹೆಸರು ಅಂಚೆಯವನಿಗೆ ಮಾತ್ರ ನೆನಪಿತ್ತು. ಭಾವ ಮನೆಗೆ ಬಂದರೆ ‘ಬನ್ನಿ, ಕೂತ್ಕೊಳ್ಳಿ’ ಎನ್ನುವ ಮರ್ಯಾದಸ್ಥ. ಅಂಗಡಿಯ ಹೊಸ್ತಿಲು ದಾಟಿದರೆ ‘ಬಾ, ಉಜ್ಜು’. ಈ ಸ್ಪರ್ಧೆಗೆಂದು, ಹಲ್ಲುನೋವು ಎಂದು ಸುಳ್ಳು ಹೇಳಿ ಒಂದು ದಿನ ರಜೆ ಕೇಳಿದಾಗ, “ಎರಡು ದಿನ ಬೇಕಾದ್ರೂ ತಗೋ” ಎಂದು ಭಾವ ಕರಗಿದ್ದು ಅವನಿಗೇ ಆಶ್ಚರ್ಯವಾಗಿತ್ತು.

ಹೆಂಡತಿ ಕೆಲಸಕ್ಕೆ ಹೊರಟವಳು ಬಾಗಿಲಲ್ಲಿ ಪಿಸುಗುಟ್ಟಿದಳು. “ಬೇರೆಯವರದ್ದು ಹೇಗಾದ್ರೂ ವಾಪಸ್ ಈಸ್ಕೊಳ್ಳಿ. ಅಮ್ಮನ ದಿಂಬು ಮುಟ್ಟಿದ್ರೆ ಮಾತ್ರ ನಾನು ಸುಮ್ಮನಿರಲ್ಲ. ಮೂರು ತಿಂಗಳಾದಮೇಲೆ ಕಣ್ಣು ಮುಚ್ಚಿದ್ದಾಳೆ.”

“ಹಾಗನ್ನಬೇಡವೇ, ಕೇಳಿದೋರು ಏನಂದ್ಕೋತಾರೆ!” ಎಂದು ಲೆನ್ಸಪ್ಪ ಕತ್ತರಿ ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದ.

ನರ್ಸಮ್ಮ ಬಾಗಿಲು ತೆಗೆದದ್ದು ಕುರ್ಚಿಯಲ್ಲಿ ಕೂತೇ, ಕೋಲಿನಿಂದ. ಆಕೆಯ ಎರಡೂ ಕಾಲು ಬಕೆಟ್ಟಿನಲ್ಲಿದ್ದವು. ಬಕೆಟ್ಟಿನಿಂದ ಆವಿ ಏಳುತ್ತಿತ್ತು. ಆವಿಯಲ್ಲಿ ಸೀಬೆಹಣ್ಣಿನ ಘಮ!

“ಬಾರಪ್ಪ. ನಿಮ್ಮತ್ತೆ ಕೊಟ್ಟ ದಿಂಬು ಬಿಚ್ಚಿ ಹೂವೆಲ್ಲ ಕುದಿಸಿಬಿಟ್ಟೆ. ನಿದ್ದೆ ನನಗೆ ಹೇಗೂ ಬರುತ್ತೆ. ಈ ಕಾಲೂತಕ್ಕೆ ಏನಾದ್ರೂ ಬೇಕಿತ್ತು.”

“ಕುದಿಸಿಬಿಟ್ರಾ? ಎಲ್ಲಾನೂ?”

“ಅರ್ಧಂಬರ್ಧ ಮದ್ದು ಮಾಡಬಾರದಪ್ಪ. ಯಾಕೆ, ನಿನಗೂ ಕಾಲು ನೋವಾ? ಬಾ, ಜಾಗ ಇದೆ, ನೀನೂ ಇಡು.”

ತೇಲುತ್ತಿದ್ದ ಹೂವುಗಳ ಕಡೆ ಒಂದು ಸಲ ನೋಡಿ, ಕಣ್ಣು ಒರೆಸಿಕೊಂಡು ಲೆನ್ಸಪ್ಪ ಮೇಲಕ್ಕೆ ಓಡಿದ.

ಮೂರನೆಯ ಮಹಡಿಯ ಬ್ಯಾಂಡ್ ಮಾಸ್ತರು ದಿನಾ ಬೆಳಗ್ಗೆ ಆರಕ್ಕೆ ತುತ್ತೂರಿ ಊದುವವರು. ಕಟ್ಟಡದಲ್ಲಿ ಯಾರೂ ಅಲಾರಂ ಕೊಂಡವರಲ್ಲ. ಅಂದು ಎಂಟಾದರೂ ಸದ್ದಿಲ್ಲ. ಅವರ ಬಾಗಿಲ ಮುಂದೆ ನಿವೃತ್ತ ಪೋಸ್ಟ್ ಮಾಸ್ಟರು ಕುರ್ಚಿ ಹಾಕಿಕೊಂಡು ಕಾವಲಿಗೆ ಕೂತಿದ್ದರು. ಹಿಂದೆ ನಾಲ್ಕೈದು ಮನೆಯವರು ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದರು.

“ಶ್! ಎಲ್ಲಿಗೆ?” ಎಂದರು ಪೋಸ್ಟ್ ಮಾಸ್ಟರು. “ಹನ್ನೊಂದು ವರ್ಷಕ್ಕೆ ಇವತ್ತು ನಿದ್ದೆ ಮಾಡ್ತಿದಾನೆ. ಎಬ್ಬಿಸಿದ್ರೆ ನಿನ್ನ ಕಾಲು ಮುರೀತೀನಿ.”

ಲೆನ್ಸಪ್ಪನ ತಲೆ ಚುರುಕಾಯಿತು. “ದಿಂಬಲ್ಲಿ ಅತ್ತೆ ಸೂಜಿ ಮರೆತುಬಿಟ್ಟಿದಾರೆ ಸಾರ್. ಮಗ್ಗುಲು ತಿರುಗಿದ್ರೆ ಚುಚ್ಚುತ್ತೆ. ಚುಚ್ಚಿದ್ರೆ ಎದ್ದೇ ಏಳ್ತಾರೆ.”

ಸಭೆ ಗಾಬರಿಗೊಂಡಿತು. ಅವನನ್ನು ಮದುಮಗನಂತೆ ಒಳಕ್ಕೆ ಕಳಿಸಿಕೊಟ್ಟರು. ಮಾಸ್ತರು ಬೆನ್ನುನೋವಿನ ಮುಲಾಮು ಮೆತ್ತಿಕೊಂಡು, ದಿಂಬನ್ನು ತಬ್ಬಿಕೊಂಡು ಬೋರಲು ಮಲಗಿದ್ದರು. ಲೆನ್ಸಪ್ಪ ದಿಂಬಿನ ಒಂದು ಮೂಲೆ ಕತ್ತರಿಸಿ, ಬೆರಳು ತೂರಿಸಿ, ಒಂದೊಂದೇ ಹೂವನ್ನು ಹೊರಗೆ ತೆಗೆಯತೊಡಗಿದ. ಒಂದು ಹಿಡಿ ಜೇಬು ಸೇರಿತ್ತು. ಇನ್ನೊಂದು ಹಿಡಿಗೆ ಕೈ ಹಾಕಿದಾಗ ಮಾಸ್ತರ ಕಂಕುಳಿಗೆ ಬೆರಳು ತಾಗಿತು. ಅವರಿಗೆ ಕಚಗುಳಿ ಜಾಸ್ತಿ ಎಂದು ಯಾರು ಕಂಡಿದ್ದರು? ಕಿಸಕ್ಕೆಂದು ನಕ್ಕು ಎದ್ದು ಕೂತವರು ಗಡಿಯಾರ ನೋಡಿದರು. “ಅಯ್ಯೋ, ಎಂಟು ಗಂಟೆ!” ಎಂದು ಕೂಗಿ, ತಪ್ಪಿಹೋದ ಎರಡು ಗಂಟೆಯದ್ದನ್ನೂ ಸೇರಿಸಿ ಊದಲು ಶುರುಮಾಡಿದರು.

ಹೊರಗೆ ಬಂದ ಲೆನ್ಸಪ್ಪನ ಕಾಲರನ್ನು ಪೋಸ್ಟ್ ಮಾಸ್ಟರು ಹಿಡಿದರು. “ಸೂಜಿ ಸಿಕ್ತೇನಯ್ಯಾ?”

“ಸಿಕ್ತು ಸಾರ್.”

“ಹಾಗಾದ್ರೆ ಅದರಲ್ಲೇ ಅವನ ಬಾಯಿ ಹೊಲಿದು ಬರಬೇಕಿತ್ತು!”

ಉಳಿದದ್ದು ಭಾವನ ದೊಡ್ಡ ದಿಂಬು. ಅದನ್ನು ಕೇಳಿ ಪಡೆಯುವ ಹಾಗಿಲ್ಲ. ಕೇಳಿದರೆ ಹೂವು ಯಾಕೆ ಎನ್ನುತ್ತಾರೆ, ಸ್ಪರ್ಧೆಯ ಸುದ್ದಿ ಹೊರಬೀಳುತ್ತದೆ, ಹಲ್ಲುನೋವಿನ ಬಣ್ಣ ಬಯಲಾಗುತ್ತದೆ. ಸೋತರೆ ಇದ್ದ ಕೆಲಸವೂ ಹೋಗುತ್ತದೆ. ಭಾವ ಮಧ್ಯಾಹ್ನ ಒಂದರಿಂದ ಎರಡರ ತನಕ ಕಣ್ಣು ಪರೀಕ್ಷೆಯ ಕತ್ತಲೆ ಕೋಣೆಯಲ್ಲಿ, ರೋಗಿಗಳ ಕುರ್ಚಿಯನ್ನೇ ಹಿಂದಕ್ಕೆ ಬಾಗಿಸಿಕೊಂಡು ನಿದ್ದೆ ಹೊಡೆಯುವುದು ವಾಡಿಕೆ. ಲೆನ್ಸಪ್ಪ ಕೆನ್ನೆಗೆ ಬಟ್ಟೆ ಸುತ್ತಿಕೊಂಡು, ಒಂದೂಕಾಲಿಗೆ ಹಿಂಬಾಗಿಲಿನಿಂದ ಒಳಗೆ ನುಸುಳಿದ.

ಭಾವನ ಗೊರಕೆ ಕೋಣೆ ತುಂಬಿತ್ತು. ತಲೆಯ ಕೆಳಗೆ ಅದೇ ದಿಂಬು, ಅತ್ತೆಯ ಹಳೆಯ ಸೀರೆಯ ಹೂವಿನ ಬಟ್ಟೆ. ಲೆನ್ಸಪ್ಪ ತನ್ನ ಸ್ವೆಟರನ್ನು ಸುರುಳಿ ಸುತ್ತಿ, ಎಡಗೈಯಿಂದ ಭಾವನ ತಲೆಯನ್ನು ಕೂದಲೆಳೆಯಷ್ಟು ಎತ್ತಿದ.

ಗೊರಕೆ ನಿಂತಿತು. ಕಣ್ಣು ಮುಚ್ಚಿಯೇ ಇತ್ತು. ತುಟಿ ಮಾತ್ರ ಅಲುಗಿತು.

“ಮೇಲಿನ ಸಾಲು ಓದಿ.”

ನಿದ್ದೆಗಣ್ಣಿನ ಮಾತು! ಉತ್ತರ ಕೊಡದಿದ್ದರೆ ಎದ್ದುಬಿಟ್ಟರೆ? ಗೋಡೆಯ ಫಲಕ ಕತ್ತಲಲ್ಲಿ ಕಾಣುತ್ತಿರಲಿಲ್ಲ. ಆದರೆ ಒಂಬತ್ತು ವರ್ಷ ಕೇಳಿ ಕೇಳಿ ಅವನಿಗೆ ಬಾಯಿಪಾಠವಾಗಿತ್ತು. “ರ, ಗ, ಸ” ಎಂದು ಪಿಸುಗುಟ್ಟಿದ.

“ಅದರ ಕೆಳಗಿನದು.”

“ಟ, ಲ, ಬ, ಮ.”

“ಇನ್ನೂ ಕೆಳಗೆ.”

ಹೀಗೆ ಒಂದು ಕೈಯಲ್ಲಿ ಭಾವನ ತಲೆ, ಇನ್ನೊಂದು ಕೈಯಲ್ಲಿ ಸ್ವೆಟರು ಹಿಡಿದು ಲೆನ್ಸಪ್ಪ ಏಳೂ ಸಾಲು ಒಪ್ಪಿಸಿದ. ಕೊನೆಗೆ ಭಾವ, “ದೃಷ್ಟಿ ಚೆನ್ನಾಗಿದೆ, ಕನ್ನಡಕ ಬೇಡ” ಎಂದು ತೀರ್ಪು ಕೊಟ್ಟು ಮತ್ತೆ ಗೊರಕೆ ಹಿಡಿದರು. ಒಂದು ಕನ್ನಡಕವನ್ನೂ ಮಾರದೆ ಅವರು ಯಾರನ್ನಾದರೂ ಕಳಿಸಿದ್ದು ಅದೇ ಮೊದಲು. ದಿಂಬು ಎಳೆದುಕೊಂಡು, ಆ ಜಾಗಕ್ಕೆ ಸ್ವೆಟರು ತೂರಿಸಿ ಹೊರಗೆ ಬಂದ ಲೆನ್ಸಪ್ಪ ದಿಂಬನ್ನು ಮೂಗಿಗೆ ಹಿಡಿದ. ಸೀಬೆಹಣ್ಣು! ಕಿತ್ತಳೆ! ಹೋದ ಜೀವ ಬಂದಂತಾಯಿತು.

ಬ್ರೂವರಿಯ ದೊಡ್ಡ ಶೆಡ್ಡಿನಲ್ಲಿ ತಾಮ್ರದ ಹಂಡೆಗಳು ಫಳಫಳ ಹೊಳೆಯುತ್ತಿದ್ದವು. ಬೇಯಿಸಿದ ಬಾರ್ಲಿಯ ಬೆಚ್ಚನೆಯ ವಾಸನೆಗೆ ಲೆನ್ಸಪ್ಪನಿಗೆ ಅಲ್ಲೇ ಬೇರುಬಿಡಬೇಕೆನಿಸಿತು. ಅವನದು ಆರನೆಯ ನಂಬರು. ಬಾಲ್ಕನಿಯಲ್ಲಿ ಐದು ವಾರ ಮಗುವಿನಂತೆ ಜೋಪಾನ ಮಾಡಿದ್ದ ಪುಟ್ಟ ಪೀಪಾಯಿಯನ್ನು ಮೇಜಿನ ಮೇಲಿಟ್ಟ. ಕೆನ್ನೆಯ ಬಟ್ಟೆ ಬಿಚ್ಚಿದ. ಬ್ರೂವರಿಯ ಯಜಮಾನಿ ಕುತೂಹಲದಿಂದ ಮುಂದೆ ಬಾಗಿದರು.

“ನಾಲ್ಕುನೂರ ಹದಿನೇಳು ಅಂತ ಬರೆಸಿದ್ದೀರಿ. ನಮಗೇ ಸಿಗಲಿಲ್ಲ ಕಣ್ರೀ! ತೋರಿಸಿ, ತೋರಿಸಿ.”

ಲೆನ್ಸಪ್ಪ ಹೆಮ್ಮೆಯಿಂದ ದಿಂಬಿನ ಹೊಲಿಗೆ ಬಿಚ್ಚಿ ಜಾಡಿಯ ಮೇಲೆ ಕೊಡವಿದ.

ಬಿದ್ದದ್ದು ನೀಲಿ ಬಟ್ಟೆಯ ಚೂರುಗಳು. ಕನ್ನಡಕ ಒರೆಸಲು ಗಿರಾಕಿಗಳಿಗೆ ಕೊಡುವ, ಅಂಗಡಿಯ ಹೆಸರು ಮುದ್ರಿಸಿದ ಚೂರುಗಳು, ನೂರಾರು. ಹೂವಿನದು ಬರಿಯ ಪುಡಿ, ಒಂದಿಷ್ಟು ವಾಸನೆ.

ನೋಡುತ್ತಿದ್ದವರು ಗೊಳ್ಳೆಂದು ನಕ್ಕರು. ಲೆನ್ಸಪ್ಪ ಜೇಬಿನಲ್ಲಿದ್ದ ಬ್ಯಾಂಡ್ ಮಾಸ್ತರ ಒಂದು ಹಿಡಿಯನ್ನೇ ಜಾಡಿಗೆ ಹಾಕಿ ಬಿಯರ್ ಹಾಯಿಸಿದ. ಯಜಮಾನಿ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ನಾಲಿಗೆ ಆಡಿಸಿದರು.

“ಬಿಯರ್ ಒಳ್ಳೇದಿದೆ, ಕೈ ಪಳಗಿದೆ. ಹೂವು ಮಾತ್ರ ಎಲ್ಲೋ ದೂರದಲ್ಲಿ ಕೂಗಿದ ಹಾಗಿದೆ. ಜೊತೆಗೆ... ಬೆನ್ನುನೋವಿನ ಮುಲಾಮೇನಾದ್ರೂ ಹಾಕಿದ್ರಾ?”

ಲೆನ್ಸಪ್ಪ ಬಟ್ಟೆಯ ಚೂರುಗಳನ್ನೆಲ್ಲ ದಿಂಬಿಗೇ ತುಂಬಿಕೊಂಡು ಹಂಡೆಯ ಮರೆಗೆ ಸರಿದ.

“ಏಳನೇ ನಂಬರ್!” ಎಂದು ಕೂಗಿದರು.

ಪೀಪಾಯಿ ಹೊತ್ತು, ಕೂದಲು ಬಾಚಿ, ಅಂಗಡಿಯಲ್ಲಿ ಎಂದೂ ತೋರಿಸದ ನಗುವನ್ನು ಮುಖದ ತುಂಬ ತೊಟ್ಟು ಒಳಗೆ ಬಂದವರು ಭಾವ! ಒಂದು ಕೈಯಲ್ಲಿ ಗಾಜಿನ ಜಾಡಿ. ಜಾಡಿಯ ಕುತ್ತಿಗೆಯ ತನಕ ಹಸಿರು ಹೂವು.

“ಬೇರೆ ತಳಿ ಬರೆಸಿದ್ದೆ ಮೇಡಂ, ಬದಲಾಯಿಸಬಹುದಾ?” ಎಂದರು ಭಾವ, ಏದುಸಿರು ಬಿಡುತ್ತ. “ನಿನ್ನೆ ನಮ್ಮಮ್ಮ ಒಂದು ದಿಂಬು ಕೊಟ್ರು. ತಲೆ ಇಟ್ಟ ಕೂಡ್ಲೇ ಗೊತ್ತಾಯ್ತು, ಇದು ಮಲಗೋ ಹೂವಲ್ಲ! ಅಮ್ಮನಿಗೆ ಬೇಜಾರಾಗಬಾರದು ಅಂತ ದಿಂಬಿಗೆ ಬೇರೇನೋ ತುಂಬಿಟ್ಟು ಇದನ್ನ ತಂದೆ. ಯಾವ ತಳಿಯೋ ನಂಗೊತ್ತಿಲ್ಲ.”

ಯಜಮಾನಿ ಮೂಸಿದರು. ಕುಡಿದರು. ಎದ್ದು ನಿಂತು ಇನ್ನೊಂದು ಸಲ ಕುಡಿದರು. ತೀರ್ಪು ಹೇಳಲು ಆಮೇಲೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಚಪ್ಪಾಳೆಯ ನಡುವೆ ಭಾವನ ಕಣ್ಣು ಹಂಡೆಯ ಮರೆಯಲ್ಲಿದ್ದ ಲೆನ್ಸಪ್ಪನ ಮೇಲೆ ಬಿತ್ತು. ಆಮೇಲೆ ಅವನ ಕಂಕುಳಿನ ದಿಂಬಿನ ಮೇಲೆ.

“ಇದು ನನ್ನ ದಿಂಬಲ್ವಾ?”

ಆ ಹೂವು ನನ್ನದು, ಎಂಟು ತಿಂಗಳು ಕಾಗದ ಬರೆದು ತರಿಸಿದ್ದು ಎಂಬ ಮಾತು ಲೆನ್ಸಪ್ಪನ ನಾಲಿಗೆಯ ತುದಿಗೆ ಬಂತು. ಹೇಳಿದರೆ ಹಲ್ಲುನೋವು, ಕಳ್ಳತನ, ಏಳು ಸಾಲು ಓದಿದ್ದು ಎಲ್ಲಾ ಹೇಳಬೇಕು. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

“ದಣಿದಿರ್ತೀರಲ್ಲ ಭಾವ... ಒಂದು ಗಳಿಗೆ ಒರಗಿಕೊಳ್ಳೋದಕ್ಕೆ ಅಂತ ತಂದೆ.”

ಭಾವ ಎಲ್ಲರ ಎದುರಿಗೇ ಅವನನ್ನು ಅಪ್ಪಿಕೊಂಡರು.

“ಹಲ್ಲುನೋವಿದ್ರೂ ನನಗೆ ದಿಂಬು ಹೊತ್ಕೊಂಡು ಬಂದ್ರಲ್ಲ! ನಾನು ಕದ್ದು ಬಿಯರ್ ಮಾಡ್ತಿದ್ದದ್ದು ನಿಮಗೆ ಮೊದಲೇ ಗೊತ್ತಿತ್ತು ಅನ್ನಿ. ಇಪ್ಪತ್ತೆರಡು ವರ್ಷ ಆ ಕತ್ತಲೆ ಕೋಣೇಲಿ ಅದೇ ಏಳು ಸಾಲು. ತಪ್ಪಿಸಿಕೊಂಡ್ರೆ ಸಾಕಾಗಿತ್ತು ಕಣ್ರೀ. ಅಂಗಡಿ ಯಾರ ಕೈಗೆ ಬಿಡೋದು ಅಂತ ಒಂದೇ ಯೋಚನೆ ಇತ್ತು. ಈಗ ಅದೂ ಇಲ್ಲ. ಅಳತೆ ನೋಡೋದಕ್ಕೆ ನಿಮಗೂ ಬರುತ್ತೆ. ನಾಳೆಯಿಂದ ನಾನು ಇಲ್ಲಿ. ಅಂಗಡಿ ನಿಮ್ದೇ, ಸಾಯೋ ತನಕ ನೀವೇ ನೋಡ್ಕೊಳ್ಳಿ.”

ಎಂದವರೇ ಬೀಗದ ಕೈಯ ಗೊಂಚಲನ್ನು ಅವನ ಅಂಗೈಗೆ ಒತ್ತಿ, ಮಗ್ಗಿನ ತುಂಬ ತಮ್ಮ ಬಿಯರ್ ಹಾಯಿಸಿ ಕೊಟ್ಟರು. ಲೆನ್ಸಪ್ಪ ಕುಡಿದ. ಸೀಬೆಹಣ್ಣು, ಕಿತ್ತಳೆಯ ಸಿಪ್ಪೆ, ಗಂಟಲಲ್ಲಿ ಆ ಕಹಿ. ಎಂಟು ತಿಂಗಳು ಕನಸಿನಲ್ಲಿ ಕುಡಿದದ್ದು ಇದನ್ನೇ. ತನ್ನ ಕೈಯಲ್ಲಿ ಇಷ್ಟು ಚೆನ್ನಾಗಿ ಆಗುತ್ತಿತ್ತೋ ಇಲ್ಲವೋ ಎಂಬ ಅನುಮಾನವೂ ಬಂತು. ಅದರಿಂದಲೇ ಅವನಿಗೆ ಹೆಚ್ಚು ನೋವಾಯಿತು.

“ಹೇಗಿದೆ?” ಎಂದರು ಭಾವ.

“ತುಂಬಾ ಚೆನ್ನಾಗಿದೆ ಭಾವ.” ಅಂದು ಬೆಳಗಿನಿಂದ ಅವನು ಆಡಿದ ಒಂದೇ ನಿಜ ಅದು.

“ಹಾಗಾದ್ರೆ ಬೇಗ ಮುಗಿಸಿ. ಆರು ಗಂಟೆಗೆ ಒಬ್ರು ಕಣ್ಣು ತೋರಿಸೋಕೆ ಬರ್ತೀನಿ ಅಂದಿದಾರೆ. ನಾನು ಬಾಗಿಲು ಹಾಕಿ ಬಂದೆ.”

ಲೆನ್ಸಪ್ಪ ಮಗ್ಗನ್ನು ತಳದ ತನಕ ಖಾಲಿ ಮಾಡಿದ. ಬೀಗದ ಕೈ ಜೇಬಿಗಿಳಿಸಿ, ದಿಂಬನ್ನು ಕಂಕುಳಲ್ಲಿಟ್ಟುಕೊಂಡು, ಅಂಗಡಿಯ ದಾರಿ ಹಿಡಿದ.