ನಾ ಸಣ್ಣಾಗೂದು ಯಾರಿಗೂ ಸೇರಂಗಿಲ್ಲ

ಕುಡ್ಯಾಕ ಕಲತೇನಿ ಅಂದಿದ್ರೂ ಮಂದಿ ನನಗ ಇಷ್ಟು ಬುದ್ಧಿ ಹೇಳ್ತಿದ್ದಿಲ್ಲ ಬಿಡ್ರಿ. ಕಡಿಮಿ ಉಣ್ಣತೇನಿ ಅಂದೆ, ಅಷ್ಟ. ಅವತ್ತಿನಿಂದ ದಿನಾ ಒಂದಿಲ್ಲೊಂದು ನಡದೇ ಐತಿ.

ಡಾಕ್ಟರ್ ಹೇಳಿದ್ದು ಇಷ್ಟು: "ಶುಗರ್ ಅಂಚಿಗೆ ಬಂದು ನಿಂತೈತ್ರಿ. ಮೂರು ತಿಂಗಳು ನೋಡೂಣು. ಉಣ್ಣೂದು ತಿನ್ನೂದು ಸುಧಾರಿಸ್ಕೊಳ್ರಿ, ತೂಕ ಇಳಸ್ರಿ. ಇಲ್ಲಂದ್ರ ಗುಳಿಗಿ ಚಾಲೂ, ಆಮ್ಯಾಲೆ ಜೀವ ಇರೂತನಕ ನುಂಗೂದು." ನಮ್ಮಪ್ಪ ಅಂಥವೇ ಗುಳಿಗಿ ನುಂಗಕೋತ ಕಾಲಿನ ಬೆರಳು ತಗಿಸಿಕೊಂಡಾರ. ನನಗ ಖರೇನ ಅಂಜಿಕಿ ಬಂದಿತ್ತು. ನನ್ನ ಗಂಡನ ಮನಿ ವಿಜಯಪುರ, ನೌಕರಿ ಬಬಲೇಶ್ವರದ ಸಾಲ್ಯಾಗ, ತವರಮನಿ ತಿಕೋಟಾ. ಈ ಮೂರೂ ಊರಿನ ಮಂದಿ ಸೇರಿ ನನ್ನ ಹೊಟ್ಟಿ ಕಾವಲು ಕಾಯ್ತಾರಂತ ನನಗೇನ ಗೊತ್ತು?

ಡಬ್ಬಿ

ಸಾಲಿಗೆ ಒಂದು ರೊಟ್ಟಿ, ಪಲ್ಯೆ, ಜೋಡಿಗೆ ದೊಡ್ಡ ಡಬ್ಬಿ ತುಂಬ ಸೌತಿಕಾಯಿ, ಗಜ್ಜರಿ, ಮೊಳಕಿ ಹೆಸರು ಒಯ್ಯಾಕ ಚಾಲೂ ಮಾಡಿದೆ. ಮಧ್ಯಾಹ್ನ ಮುಚ್ಚಳ ತಗಿಯೂದೇ ತಡ, ಎಲ್ಲಾರ ಕೈ ಡಬ್ಬ್ಯಾಗ! "ಎಷ್ಟು ತಂಪ ಐತ್ರಿ ಅಕ್ಕೋರ!" ಅಂತ ಹೆಡ್‌ಮಾಸ್ತರು ಡಬ್ಬಿನೇ ತಮ್ಮ ಕಡೆ ಎಳಕೊಂಡ್ರು.

ತಿನ್ಲಿ, ತಿನ್ನಾಕ ನಾ ಬ್ಯಾಡ ಅನ್ನಾಕಿ ಅಲ್ಲ. ಆದ್ರ ನಮ್ಮ ಕಡೆ ಖಾಲಿ ಡಬ್ಬಿ ತಿರುಗಿ ಕೊಡೂ ಪದ್ಧತಿ ಇಲ್ಲ ನೋಡ್ರಿ. ಸೌತಿಕಾಯಿ ಹೋದ ಜಾಗಾದಾಗ ಒಬ್ಬರು ಶೇಂಗಾ ಹೋಳಿಗಿ ಇಟ್ರು. ಇನ್ನೊಬ್ಬರು ಕರದಂಟು ಇಟ್ರು. ನಿಡೋಣಿಯಿಂದ ಬರೂ ಟೀಚರ್ ಅಂತೂ ಎಳ್ಳಿನ ಉಂಡಿ ಒತ್ತಿ ಒತ್ತಿ ತುಂಬಿದ್ರು.

"ಯವ್ವಾ, ಬ್ಯಾಡ್ರಿ, ನನಗ ಶುಗರ್ ಬರೂ ಹಂಗೈತಿ" ಅಂದೆ.

"ಅಯ್ಯ, ಇದು ಬೆಲ್ಲದ್ದರಿ! ಸಕ್ರಿ ಒಂದು ಕಾಳು ಹಾಕಿಲ್ಲ" ಅಂದ್ರು.

ಬೆಲ್ಲ ಏನು ಬೇವಿನ ಗಿಡದಾಗ ಬಿಡತೈತೇನ್ರಿ? ಒಂದು ತಿಂಗಳು ಹಿಂಗ ನಡೀತು. ಕಡೀಕ ಒಂದಿನ ಹೆಡ್‌ಮಾಸ್ತರು ಪ್ಯಾಂಟಿನ ಬೆಲ್ಟ್ ಹಿಡದು ಎಲ್ಲಾರ ಮುಂದ ತೋರಿಸಿದ್ರು. "ಅಕ್ಕೋರ, ನಿಮ್ಮ ಡಯಟ್ ಭಾರಿ ಐತ್ರಿ! ನನ್ನ ಹೊಟ್ಟಿ ಹೆಂಗ ಇಳದೈತಿ ನೋಡ್ರಿ. ನಿಮ್ಮದ್ಯಾಕ ಇನ್ನೂ ಹಂಗ ಐತಿ?"

ಒಂದು ರೊಟ್ಟಿ

ಮರುದಿನದಿಂದ ಡಬ್ಬಿ ತಗೊಂಡು ಬ್ಯಾರೆ ಕ್ವಾಣ್ಯಾಗ ಕುಂತು ಒಬ್ಬಾಕಿನ ತಿಂದೆ. ಸೊಕ್ಕು ಬಂದೈತಿ ಈಕಿಗೆ ಅಂದ್ರು. ಅನ್ಲಿ.

ಮನ್ಯಾಗ ಬ್ಯಾರೆ ಕತಿ. ನಮ್ಮತ್ತಿ ಕೆಟ್ಟಾಕಿ ಅಲ್ಲ, ಆದ್ರ ಆಕಿ ಪ್ರೀತಿ ಎಲ್ಲಾ ಬೆಣ್ಣ್ಯಾಗ ಇರತೈತಿ. ಪಲ್ಯೆ ಕೆಳಗ ಬೆಣ್ಣಿ ಮುಚ್ಚಿಟ್ಟು ಕೊಡಾಕಿ. ನಾ ಹುಡುಕಿ ತಗದು ಇಡಾಕಿ. ಒಂದು ರಾತ್ರಿ ಕೈ ಮುಗದು ಹೇಳಿದೆ. "ಅತ್ತಿ, ನನ್ನ ಆಣಿ ಐತಿ. ರಾತ್ರಿ ಒಂದ ರೊಟ್ಟಿ, ಎರಡನೇದು ಹಾಕಬ್ಯಾಡ್ರಿ." ಆಕಿ ಮರು ಮಾತಾಡದ "ಹೂಂ" ಅಂದ್ಲು. ಇಷ್ಟು ಲಗೂನ ಒಪ್ಪಿದಾಗೇ ನನಗ ಸಂಶೇ ಬರಬೇಕಿತ್ತು.

ಮರುದಿನ ರಾತ್ರಿ ತಾಟಿನ್ಯಾಗ ರೊಟ್ಟಿ ಬಂತು. ತಾಟು ಕಾಣವಲ್ದು! ಹಂಚು ತುಂಬಿ ಹೊರಗ ಬಂದ ರೊಟ್ಟಿ ಅದು, ದಪ್ಪ ಅಂದ್ರ ನಾಕು ರೊಟ್ಟಿ ಹಿಟ್ಟು ಅದರಾಗ ಐತಿ.

"ಅತ್ತಿ! ಇದೇನಿದು?"

"ಯಾಕ? ಒಂದ ಅಂದಿದ್ದಿ, ಒಂದ ಹಾಕೇನಿ. ಎಷ್ಟು ಅಗಲ ಇರಬೇಕಂತ ನೀ ಹೇಳಿದ್ದಿಯೇನು?"

ಜಂಪರ್

ಹಿಂಗ ಜಗಳಾಡಕೋತ ಜಗಳಾಡಕೋತನೇ ಖರೇ ಖರೇ ತೂಕ ಇಳೀತ್ರಿ! ಜಂಪರ್ ಎಲ್ಲಾ ಜೋಲು ಬಿದ್ದುವು. ಖುಷಿಲೆ ಕುಣಕೋತ ಸ್ಟೇಷನ್ ರಸ್ತೆಗೆ ಹೋಗಿ, ಮದವಿ ಆದಾಗಿನಿಂದ ನನ್ನ ಬಟ್ಟಿ ಹೊಲಿಯೂ ಟೇಲರ್ ಚಾಚಾನ ಮುಂದ ಗಂಟು ಬಿಚ್ಚಿದೆ. "ಚಾಚಾ, ಎಲ್ಲಾವೂ ಸಣ್ಣ ಮಾಡ್ರಿ. ಹೆಚ್ಚಾದ ಬಟ್ಟಿ ಕತ್ತರಿಸಿ ಒಗೀರಿ" ಅಂದೆ.

ವಾರ ಬಿಟ್ಟು ತರಾಕ ಹೋದೆ. ಹಾಕ್ಕೊಂಡು ನೋಡಿದ್ರ ಅಳತಿ ಬರೋಬ್ಬರಿ ಐತಿ, ಖರೆ ಒಳಗ ಬಗಲಾಗ ಏನೋ ಚುಚ್ಚಾಕತ್ತಿತ್ತು. ತಿರುವಿ ನೋಡಿದ್ರ ಬಟ್ಟಿ ಕತ್ತರಿಸೇ ಇಲ್ಲ, ಇದ್ದಷ್ಟೂ ಒಳಗ ಮಡಚಿ ಹೊಲದಾರ.

"ಚಾಚಾ, ಕತ್ತರಿಸ್ರಿ ಅಂದಿದ್ನೆಲ್ಲ!"

ಚಾಚಾ ಚಷ್ಮಾ ಏರಿಸಿ ನನ್ನ ಕಡೆ ಭಾಳ ಮರುಕದಿಂದ ನೋಡಿದ್ರು. "ಕತ್ತರಿಸಿದ್ದು ತಿರುಗಿ ಬರಂಗಿಲ್ಲ ಬೇಟಿ. ಮಡಚಿದ್ದು ಬಿಚ್ಚಾಕ ಬರ್ತೈತಿ. ಶ್ರಾವಣ ಮುಂದೈತಿ."

ಟಂಟಂ

ಮೂರು ತಿಂಗಳು ಮುಗೀತು. ರಕ್ತ ಕೊಟ್ಟು ಬಂದೆ. ಅವತ್ತು ರವಿವಾರ ಮುಂಜಾನೆ, ರಿಪೋರ್ಟ್ ತೋರಸಾಕ ನನಗ ಧೈರ್ಯ ಸಾಲದ ನಮ್ಮ ಮನಿಯವರನ್ನ ಡಾಕ್ಟರ್ ಕಡೆ ಅಟ್ಟಿ, ಬಾಗಲದಾಗ ಕಾಯಕೋತ ನಿಂತಿದ್ದೆ. ಅವರು ಬರೂದರಾಗ ತಿಕೋಟಾದಿಂದ ಒಂದು ಟಂಟಂ ಬಂತು. ನಮ್ಮವ್ವ, ಮಾಮಾ, ಹಿಂದಿನಿಂದ ಚಿಗವ್ವ, ಸೋದರತ್ತಿ ಅಂತ ಮಂದಿ ಇಳದೇ ಇಳದ್ರು. ನನ್ನ ಬಸ್ಸಿನ್ಯಾಗ ನೋಡಿದ ಯಾರೋ ಒಬ್ಬಾಕಿ ಊರಾಗ ಹೋಗಿ, "ನಿಮ್ಮ ಮಗಳ ಎಲುಬು ಎಣಸಬಹುದು, ಅತ್ತಿ ಕೂಳು ಹಾಕೂದಿಲ್ಲಂತ ಕಾಣತೈತಿ" ಅಂದಿದ್ದಳಂತ. ಯಾರಾಕಿ? ನನ್ನ ಎಲುಬು ಕಾಣಬೇಕಂದ್ರ ಇನ್ನೂ ಎಕ್ಸ್‌ರೇ ಬೇಕ್ರಿ!

ನಮ್ಮತ್ತಿ ತಂಬಗಿ ತುಂಬ ನೀರು ತಂದ್ಲು. ಮಾಮಾ ಕೈ ಅಡ್ಡ ಹಿಡದ. "ನೀರು ಆಮ್ಯಾಲ್ರಿ ಅಕ್ಕಾರ, ಮೊದಲ ಮಾತು ಆಗ್ಲಿ." ಬೀಗರು ನೀರು ಮುಟ್ಟಲಿಲ್ಲಂದ್ರ ಜಗಳಕ್ಕ ಬಂದಾರಂತ ಲೆಕ್ಕ. ಅತ್ತಿ ಮಾರಿ ಸಣ್ಣದಾತು.

"ಮಾಮಾ, ಡಾಕ್ಟರ್ ಹೇಳ್ಯಾರ..." ಅಂದೆ.

"ನೀ ಬಾಯಿ ಮುಚ್ಚಲೇ. ಅತ್ತಿ ಅಂಜಿಕಿಗೆ ಹಂಗ ಅನ್ನಾಕತ್ತಿ."

ಅತ್ತಿ ಅಳಾಕ ಸುರು ಮಾಡಿದ್ಲು. "ನನ್ನ ಕುಲದೇವ್ರಾಣಿ! ನಾ ದಿನಾ ಕೈಕಾಲು ಬೀಳತೇನ್ರಿ ಉಣ್ಣವ್ವಾ ಅಂತ. ಈಕಿನ ಉಣವಲ್ಲಳು."

"ಹಂಗಾದ್ರ ನಮ್ಮೆದುರಿಗೆ ಉಣಸ್ರಿ, ನೋಡತೇವಿ" ಅಂದ ಮಾಮಾ.

ಅತ್ತಿ ಕಣ್ಣು ಒರಸಕೋತ ಒಳಗ ಓಡಿದಾಕಿ, ಹೋಳಿಗಿ ಮ್ಯಾಲೆ ಹೋಳಿಗಿ ಇಟ್ಟು, ತುಪ್ಪ ಸುರುವಿ ತಾಟು ನನ್ನ ಮುಂದ ಇಟ್ಲು. ಎಲ್ಲಾರೂ ಸುತ್ತ ಕುಂತು ನನ್ನ ಬಾಯಿನ ನೋಡಾಕತ್ತಿದ್ರು. ಉಂಡ್ರ ನನ್ನ ಮೂರು ತಿಂಗಳು ನೀರಾಗ. ಉಣಲಿಲ್ಲಂದ್ರ ಅತ್ತಿ ಮಾನ ಹೋಗತೈತಿ. ನನ್ನ ಸಿಟ್ಟು ನೆತ್ತಿಗೇರ್ತು.

"ಯವ್ವಾ, ಅಪ್ಪನ ಕಾಲು ದಿನಾ ನೀನ ತೊಳಿತಿ ಹೌದಿಲ್ಲ? ನಾಳೆ ನನ್ನ ಕಾಲು ಯಾರು ತೊಳಿಬೇಕು? ಹೇಳು! ಇದೇ ಮುದುಕಿ ತೊಳಿಬೇಕೇನು?" ಅಂತ ಅತ್ತಿ ಕಡೆ ಕೈ ಮಾಡಿ ಚೀರಿದೆ.

ಮಾಮಾ ನೆಲ ನೋಡಿದ. ಅಷ್ಟರಾಗ ನಮ್ಮ ಮನಿಯವರು ಗಾಡಿ ನಿಲ್ಲಿಸಿ ಓಡಿ ಬಂದ್ರು. "ಗುಳಿಗಿ ಬ್ಯಾಡ ಅಂದ್ರು! ಶುಗರ್ ಇಳದೈತಿ. ಹಿಂಗ ಕಡಿಮಿ ಉಂಡು ಇರ್ಲಿ ಅಂದ್ರು!"

ಅವ್ವ ಹೋಗಿ ನಮ್ಮತ್ತಿನ ತಬ್ಬಿಕೊಂಡ್ಲು. ಇಬ್ಬರೂ ಸೇರಿ ಅತ್ತರು. ಮಾಮಾ ತಂಬಗಿ ಎತ್ತಿ ಗಟಗಟ ನೀರು ಕುಡದು, ನನ್ನ ಮುಂದಿನ ತಾಟು ತನ್ನ ಕಡೆ ಎಳಕೊಂಡ. ಬಂದ ಮಂದಿ ಎಲ್ಲಾ ಕುಂತು ಹೋಳಿಗಿ ಹೊಡದರು. ನನ್ನ ಪಂಚಾಯ್ತಿ, ನನ್ನ ಮನಿ, ನನಗ ಮಾತ್ರ ಸೌತಿಕಾಯಿ! ಶುಗರ್ ಇಳದ ಖುಷಿಗೆ ಅರ್ಧ ಹೋಳಿಗಿಗೆ ಕೈ ಚಾಚಿದೆ. ತಿಕೋಟಾ, ವಿಜಯಪುರ ಎರಡೂ ಕಡೆಯವರು ಒಂದ ದನಿಲೆ "ಏಯ್!" ಅಂದ್ರು.

ಹೊಂಟು ನಿಂತಾಗ ಮಾಮಾ ಟಂಟಂ ಹತ್ತಿ, ಮೀಸಿ ಮ್ಯಾಲಿನ ತುಪ್ಪ ಒರಸಿಕೊಂಡು, ನಮ್ಮತ್ತಿ ಕಡೆ ಬಟ್ಟು ಮಾಡಿ ಹೇಳಿದ:

"ಅಕ್ಕಾರ, ಈಗ ಹೇಳಿರತೇನಿ. ಇನ್ನೊಮ್ಮೆ ನಮ್ಮ ಹುಡುಗಿಗೆ ಹೊಟ್ಟಿ ತುಂಬ ಉಣ್ಣಾಕ ಹಾಕಿದ್ದು ನನ್ನ ಕಿವಿಗೆ ಬಿತ್ತಂದ್ರ, ಮಂದಿ ಕರಕೊಂಡು ಮತ್ತ ಬರ್ತೇನಿ ನೋಡ್ರಿ!"